ಮೆಡಿಸಿನಲ್ ಕೆಮಿಸ್ಟ್ ಒಬ್ಬರ ಪೇಪರ್ ಪಟ್ಟಿ ಓದುವುದು ಹೇಗೆ: ಎಣಿಕೆ ಕೊನೆಗಿರಲಿ

ಹಿಂದೊಮ್ಮೆ ಒಬ್ಬ ಮೆಡಿಸಿನಲ್ ಕೆಮಿಸ್ಟ್ ಬಗ್ಗೆ, ಅಂದರೆ ಔಷಧಿಗೆ ಬೇಕಾದ ಅಣು ಮಾಡುವವರ ಬಗ್ಗೆ, ಆಯ್ಕೆ ಸಮಿತಿಗೆ ವರದಿ ಬರೆದಿದ್ದೆ. ಅದರಲ್ಲಿ ದಪ್ಪ ಅಕ್ಷರದಲ್ಲಿದ್ದಿದ್ದು ಒಂದೇ ಸಾಲು: ಎಚ್-ಇಂಡೆಕ್ಸ್ 31, ಅಂದರೆ ಪೇಪರ್‌ಗಳನ್ನೂ ಅವುಗಳನ್ನು ಬೇರೆಯವರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವುದನ್ನೂ ಸೇರಿಸಿ ಹಾಕುವ ಒಂದು ಅಂಕಿ. ಆಯ್ಕೆ ಸಮಿತಿಯವರು ಅದನ್ನು ಓದಿ, ಪರವಾಗಿಲ್ಲವೇ ಅನ್ನುವ ಹಾಗೆ ಮುಖ ಮುಖ ನೋಡಿಕೊಂಡರು. ಸಂದರ್ಶನಕ್ಕೆ ಬಂದಿದ್ದ ಸಂಶೋಧಕರು ಮಾತ್ರ ಹಾಳೆಯನ್ನು ಹತ್ತಿರ ಹಿಡಿದು ನೋಡಿದರು. "ಇದು ನನ್ನದಲ್ಲ. ನನ್ನದು 17" ಅಂದರು.

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅದೇ ಇನಿಷಿಯಲ್, ಅದೇ ಮನೆತನದ ಹೆಸರು ಇರುವ ಇನ್ನೊಬ್ಬರ ಪೇಪರ್‌ಗಳು ಇವರ ಖಾತೆಗೆ ಸೇರಿಕೊಂಡಿದ್ದವು. ಇವರು ಕೈನೇಸ್ ಇನ್ಹಿಬಿಟರ್, ಅಂದರೆ ಕೈನೇಸ್ ಅನ್ನುವ ಕಿಣ್ವಗಳನ್ನು ತಡೆಯುವ ಅಣು, ಮಾಡುವವರು. ಅವರು ಬಣ್ಣದ ಲೇಪನಕ್ಕೆ ಬೇಕಾದ ಪಾಲಿಮರ್ ಮಾಡುವವರು. ಶೀರ್ಷಿಕೆಗಳನ್ನು ಒಮ್ಮೆ ಓದಿದ್ದರೂ ಸಾಕಿತ್ತು, ಗೊತ್ತಾಗುತ್ತಿತ್ತು. ನಾನು ಓದಿರಲಿಲ್ಲ. ಮೇಲ್ಗಡೆ ಕಾಣಿಸಿದ ಅಂಕಿಯನ್ನು ಸುಮ್ನೆ ಇಳಿಸಿಕೊಂಡಿದ್ದೆ.

ಅದಾಗಿ ಹನ್ನೊಂದು ವರ್ಷ. ಅದಕ್ಕೂ ಮುಂಚೆ ಒಂಬತ್ತು ವರ್ಷ ನಾನೇ ಲ್ಯಾಬ್ ಬೆಂಚ್‌ನಲ್ಲಿ ನಿಂತು ಕಂಪೌಂಡ್ ಮಾಡಿದವಳು. ಈಗ ಬೇರೆಯವರ ಪೇಪರ್ ಪಟ್ಟಿ ಓದಿ ಎರಡು ಪುಟದ ಟಿಪ್ಪಣಿ ಬರೆಯುವುದೇ ನನ್ನ ಕೆಲಸ. ಒಬ್ಬರಿಗೆ ಒಂದೂವರೆ ದಿನ ಹಿಡಿಯುತ್ತದೆ. ಅದನ್ನು ಹೇಗೆ ಮಾಡುತ್ತೇನೆ ಅಂತ ಇಲ್ಲಿ ಹೇಳುತ್ತೇನೆ. ಬಡ್ತಿಗೋ ಅನುದಾನಕ್ಕೋ ನಿಮ್ಮದೇ ಪಟ್ಟಿ ತಯಾರು ಮಾಡುತ್ತಿದ್ದರೂ ದಾರಿ ಇದೇ. ಆಗ ಮೇಜಿನ ಎರಡೂ ಕಡೆ ನೀವೇ ಕೂತಿರುತ್ತೀರಿ, ಅಷ್ಟೇ.

ಮೊದಲು ಯಾರದ್ದು ಅಂತ ಗಟ್ಟಿ ಮಾಡಿಕೊಳ್ಳಿ

ಅವರೇ ಕೊಟ್ಟ ಸಿವಿಯಿಂದ ಶುರು ಮಾಡಿ. ಡೇಟಾಬೇಸ್‌ನಿಂದಲ್ಲ. ಸಿವಿಯಲ್ಲಿ ಆರ್ಕಿಡ್ ಸಂಖ್ಯೆ ಇದ್ದರೆ ಅರ್ಧ ಕೆಲಸ ಹಗುರ. ಅದು ಸಂಶೋಧಕರಿಗೆ ಸಿಗುವ 16 ಅಂಕಿಯ ಗುರುತು, 2012ರಲ್ಲಿ ಶುರುವಾಗಿದ್ದು. ಕೊನೆಯದು ಕೆಲವೊಮ್ಮೆ ಅಂಕಿಯ ಬದಲು ಇಂಗ್ಲಿಷಿನ ಎಕ್ಸ್ ಅಕ್ಷರ ಆಗಿರುತ್ತದೆ, ಟೈಪ್ ತಪ್ಪು ಅಂದುಕೊಳ್ಳಬೇಡಿ. ಆದರೆ ಆರ್ಕಿಡ್ ಪುಟವನ್ನು ಬಹುಪಾಲು ಆ ವ್ಯಕ್ತಿಯೇ ತುಂಬಬೇಕು. ತುಂಬದೆ ಬಿಟ್ಟವರು ಬೇಕಾದಷ್ಟು ಜನ. ಖಾಲಿ ಆರ್ಕಿಡ್ ಕಂಡರೆ ಪೇಪರ್ ಇಲ್ಲ ಅಂತ ಅರ್ಥವಲ್ಲ, ಬಿಡುವು ಇಲ್ಲ ಅಂತ ಅರ್ಥ.

ಆಮೇಲೆ ಪೇಪರ್‌ಗಳ ಡೇಟಾಬೇಸ್ ಆದ ಸ್ಕೋಪಸ್ ತೆರೆಯಿರಿ. ಅಲ್ಲಿ ಎರಡು ಥರದ ಗೊಂದಲ ಇರುತ್ತದೆ. ಒಬ್ಬರೇ ಎರಡು ಮೂರು ಖಾತೆಯಾಗಿ ಒಡೆದು ಹೋಗಿರುತ್ತಾರೆ. ಸಂಸ್ಥೆ ಬದಲಾಯಿಸಿದಾಗ, ಮದುವೆಯಾದ ಮೇಲೆ ಹೆಸರು ಬದಲಾದಾಗ, ಒಂದು ಜರ್ನಲ್‌ನಲ್ಲಿ ಎರಡು ಇನಿಷಿಯಲ್, ಇನ್ನೊಂದರಲ್ಲಿ ಒಂದೇ ಬಿದ್ದಾಗ ಹೀಗಾಗುತ್ತದೆ. ಇಲ್ಲವೇ ನನಗಾದ ಹಾಗೆ ಇಬ್ಬರು ಒಬ್ಬರಾಗಿರುತ್ತಾರೆ. ಗೂಗಲ್ ಸ್ಕಾಲರ್‌ನಲ್ಲಿ ಇನ್ನೊಂದು ತಾಪತ್ರಯ. ಹೊಸ ಪೇಪರ್‌ಗಳು ತಾವಾಗಿಯೇ ಸೇರಲಿ ಅಂತ ಬಿಟ್ಟಿದ್ದರೆ ಕಂಡವರದ್ದೆಲ್ಲ ಬಂದು ಕೂರುತ್ತದೆ. ಒಮ್ಮೆ ಒಬ್ಬ ಯುವ ಸಂಶೋಧಕರ ಪ್ರೊಫೈಲ್‌ನಲ್ಲಿ 1978ರ ಪೇಪರ್ ಇತ್ತು. ಅವರು ಆಗಿನ್ನೂ ಹುಟ್ಟಿರಲಿಲ್ಲ.

ಇದಕ್ಕೆ ಮದ್ದು ಒಂದೇ. ಒಂದು ಸ್ಪ್ರೆಡ್‌ಶೀಟ್ ತೆರೆದು ಒಂದು ಪೇಪರ್‌ಗೆ ಒಂದು ಸಾಲು ಕೊಡಿ. ವರ್ಷ, ಶೀರ್ಷಿಕೆ, ಜರ್ನಲ್, ಡಿಒಐ (ಪೇಪರ್‌ನ ಕಾಯಂ ಗುರುತಿನ ಸಂಖ್ಯೆ), ಯಾವ ಬಗೆಯ ಪೇಪರ್, ಹೆಸರು ಎಷ್ಟನೆಯದು, ಹೆಸರಿನ ಪಕ್ಕ ಮುಖ್ಯ ಲೇಖಕರ ನಕ್ಷತ್ರದ ಗುರುತು ಇದೆಯೇ ಇಲ್ಲವೇ, ಸೈಟೇಶನ್ ಎಷ್ಟು, ಅಂದರೆ ಬೇರೆ ಪೇಪರ್‌ಗಳು ಇದನ್ನು ಎಷ್ಟು ಸಲ ಉಲ್ಲೇಖಿಸಿವೆ. ಕೊನೆಗೆ ಒಂದು ಖಾಲಿ ಕಾಲಂ, ಅದಕ್ಕೆ "ಒಂದು ಮಾತಲ್ಲಿ" ಅಂತ ಹೆಸರಿಡಿ. ಪೇಪರ್ ಏನು ಹೇಳುತ್ತದೆ ಅಂತ ನಿಮ್ಮ ಮಾತಲ್ಲಿ ಅಲ್ಲಿ ಬರೆಯಬೇಕು. ಅದನ್ನು ಬರೆಯಬೇಕಾದರೆ ಕನಿಷ್ಠ ಸಾರಾಂಶವನ್ನಾದರೂ ಓದಲೇಬೇಕಾಗುತ್ತದೆ. ಪಾಲಿಮರ್ ಪೇಪರ್ ಕೈನೇಸ್ ಪಟ್ಟಿಯಲ್ಲಿ ಸಿಕ್ಕಿಬೀಳುವುದು ಆ ಕಾಲಂನಲ್ಲೇ.

ಮೂರು ಕಡೆ ಮೂರು ಅಂಕಿ

ಒಂದೇ ಪೇಪರ್‌ಗೆ ಗೂಗಲ್ ಸ್ಕಾಲರ್ ಒಂದು ಸೈಟೇಶನ್ ಸಂಖ್ಯೆ ಕೊಡುತ್ತದೆ, ಸ್ಕೋಪಸ್ ಇನ್ನೊಂದು, ವೆಬ್ ಆಫ್ ಸೈನ್ಸ್ ಮತ್ತೊಂದು. ಯಾವುದೂ ಸುಳ್ಳಲ್ಲ. ಸ್ಕಾಲರ್ ಪ್ರಿಪ್ರಿಂಟ್ (ಜರ್ನಲ್ ಪರಿಶೀಲನೆಗೆ ಮೊದಲೇ ಹಾಕಿದ ಕರಡು), ಥೀಸಿಸ್, ಸಮ್ಮೇಳನದ ಬರಹ ಎಲ್ಲವನ್ನೂ ಎಣಿಸುವುದರಿಂದ ಅದರ ಅಂಕಿ ಸಾಮಾನ್ಯವಾಗಿ ಜಾಸ್ತಿ. ಉಳಿದೆರಡು ತಾವು ಆರಿಸಿಕೊಂಡ ಜರ್ನಲ್‌ಗಳಿಂದಲೇ ಮುಖ್ಯವಾಗಿ ಎಣಿಸುತ್ತವೆ. ವೆಬ್ ಆಫ್ ಸೈನ್ಸ್‌ನ ಬೇರು 1964ರ ಸೈನ್ಸ್ ಸೈಟೇಶನ್ ಇಂಡೆಕ್ಸ್‌ನಲ್ಲಿದೆ. ಅದನ್ನು ತಂದ ಯೂಜೀನ್ ಗಾರ್ಫೀಲ್ಡ್ ಓದಿದ್ದು ಕೆಮಿಸ್ಟ್ರಿಯೇ. ಅವರೂ ನಮ್ಮವರೇ ಅಂತ ನನಗೆ ಒಳಗೊಳಗೇ ಖುಷಿ. ಚಂದಾ ಇಲ್ಲದವರಿಗೆ 2022ರಿಂದ ಓಪನ್‌ಅಲೆಕ್ಸ್ ಅನ್ನುವ ಮುಕ್ತ ಡೇಟಾಬೇಸ್ ಇದೆ.

ಯಾವುದನ್ನು ಬೇಕಾದರೂ ಬಳಸಿ, ಆದರೆ ಒಂದನ್ನೇ ಬಳಸಿ. ಅಂಕಿಯ ಪಕ್ಕ ಮೂಲದ ಹೆಸರು, ತೆಗೆದ ದಿನಾಂಕ ಬರೆಯಿರಿ. ಒಬ್ಬ ಅಭ್ಯರ್ಥಿಯ ಸ್ಕಾಲರ್ ಅಂಕಿಯನ್ನು ಇನ್ನೊಬ್ಬರ ಸ್ಕೋಪಸ್ ಅಂಕಿಯ ಜೊತೆ ಇಟ್ಟು ತೂಗಿದ ಟಿಪ್ಪಣಿಗಳನ್ನು ನೋಡಿದ್ದೇನೆ. ಅದು ಮೊಳ ಒಂದು ಕೈಯಲ್ಲಿ, ಗೇಣು ಇನ್ನೊಂದು ಕೈಯಲ್ಲಿ ಹಿಡಿದು ಬಟ್ಟೆ ಅಳೆದ ಹಾಗೆ.

ಒಂದೇ ಬರಹ ಎರಡು ಸಾಲಾಗಿ ಕೂತಿದೆಯೇ ಅಂತಲೂ ನೋಡಿ. ನಮ್ಮ ಕ್ಷೇತ್ರದಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಲಿಪಿನ್‌ಸ್ಕಿಯವರ "ಐದರ ನಿಯಮ". ಬಾಯಿಂದ ತೆಗೆದುಕೊಳ್ಳುವ ಔಷಧಿಯ ಅಣುತೂಕ 500 ದಾಟದಿರಲಿ, ಲಾಗ್‌ಪಿ (ಎಣ್ಣೆಯಲ್ಲಿ ಕರಗುವ ಗುಣದ ಅಳತೆ) 5 ದಾಟದಿರಲಿ ಅನ್ನುವ ಆ ಪೇಪರ್ 1997ರಲ್ಲಿ ಬಂತು. 2001ರಲ್ಲಿ ಅದೇ ಜರ್ನಲ್ ಅದನ್ನು ಮತ್ತೆ ಅಚ್ಚು ಹಾಕಿತು. ಈಗ ಅರ್ಧ ಜಗತ್ತು ಮೊದಲನೆಯದಕ್ಕೆ, ಉಳಿದರ್ಧ ಎರಡನೆಯದಕ್ಕೆ ಸೈಟೇಶನ್ ಕೊಡುತ್ತದೆ. ಸಾಮಾನ್ಯ ಸಂಶೋಧಕರಿಗೆ ಇದೇ ಕಥೆ ಪ್ರಿಪ್ರಿಂಟ್‌ನಲ್ಲಿ ಎದುರಾಗುತ್ತದೆ. ಕೆಮಿಸ್ಟ್ರಿ ಪ್ರಿಪ್ರಿಂಟ್‌ಗಳ ತಾಣ ಕೆಮ್‌ಆರ್ಕೈವ್‌ನಲ್ಲಿ ಒಂದು, ಜರ್ನಲ್‌ನಲ್ಲಿ ಒಂದು. ಎರಡನ್ನೂ ಸೇರಿಸಿ ಒಂದೇ ಸಾಲು ಮಾಡಿ. ಎರಡು ಪೇಪರ್ ಅಂತ ಎಣಿಸಿದರೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ.

ಯಾವ ಬಗೆಯ ಪೇಪರ್?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮೆಡಿಸಿನಲ್ ಕೆಮಿಸ್ಟ್ರಿ ಗೊತ್ತಿಲ್ಲದವರು ತಪ್ಪುವುದು ಇಲ್ಲೇ.

ಪಟ್ಟಿಯಲ್ಲಿ ಸ್ವಂತ ಸಂಶೋಧನೆಯ ಪೇಪರ್, ರಿವ್ಯೂ (ಬೇರೆಯವರ ಪೇಪರ್‌ಗಳನ್ನು ಒಟ್ಟುಮಾಡಿ ಬರೆದ ಅವಲೋಕನ), ಚಿಕ್ಕ ಲೆಟರ್, ಸಂಪಾದಕೀಯ, ಸಮ್ಮೇಳನದ ಸಾರಾಂಶ, ತಿದ್ದುಪಡಿ ಎಲ್ಲ ಕಲೆತಿರುತ್ತವೆ. ಮೊದಲು ಬೇರೆ ಬೇರೆ ಮಾಡಿ. ರಿವ್ಯೂಗಳಿಗೆ ಸೈಟೇಶನ್ ಜಾಸ್ತಿ ಬೀಳುವುದು ಸಹಜ. ಹತ್ತು ಮೂಲ ಪೇಪರ್ ಹುಡುಕುವ ಬದಲು ಒಂದು ರಿವ್ಯೂ ತೋರಿಸಿ ಮುಂದೆ ಹೋಗುವುದು ಬರೆಯುವವರಿಗೆ ಸುಲಭ. ಒಳ್ಳೆಯ ರಿವ್ಯೂ ಬರೆಯುವುದು ದೊಡ್ಡ ಕೆಲಸವೇ. ಆದರೆ ಹೊಸ ಅಣು ಮಾಡುವುದು ಬೇರೆ ಕೆಲಸ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ಈಗ ಸ್ವಂತ ಸಂಶೋಧನೆಯ ಪೇಪರ್‌ಗಳು. ನಮ್ಮಲ್ಲಿ ಒಂದು ಪೇಪರ್ ಹುಟ್ಟುವುದು ಹೇಗೆ ಅಂತ ಗೊತ್ತಿರಬೇಕು. ಒಂದು ಟಾರ್ಗೆಟ್ ಇರುತ್ತದೆ, ಅಂದರೆ ಔಷಧಿ ಹೋಗಿ ಕೂರಬೇಕಾದ ಪ್ರೋಟೀನ್. ರಾಶಿ ಕಂಪೌಂಡ್‌ಗಳ ಸ್ಕ್ರೀನಿಂಗ್‌ನಲ್ಲಿ ಅದಕ್ಕೆ ಕೆಲಸ ಮಾಡುವ ಒಂದು ಹಿಟ್ ಸಿಗುತ್ತದೆ, ಸಾಮಾನ್ಯವಾಗಿ ಮೈಕ್ರೋಮೋಲಾರ್ ಮಟ್ಟದ್ದು, ಅಂದರೆ ಇನ್ನೂ ದುರ್ಬಲ. ಅದರ ಒಂದು ಮೂಲೆ ಬದಲಾಯಿಸಿ ಹತ್ತು ಕಂಪೌಂಡ್, ಇನ್ನೊಂದು ಮೂಲೆ ಬದಲಾಯಿಸಿ ಹದಿನೈದು. ಪ್ರತಿಯೊಂದನ್ನೂ ಶುದ್ಧ ಮಾಡಬೇಕು, ರಚನೆ ಖಚಿತಪಡಿಸಲು ಎನ್‌ಎಂಆರ್ ತೆಗೆಯಬೇಕು, ಜೀವಶಾಸ್ತ್ರದವರಿಗೆ ಕಳಿಸಿ ಕಾಯಬೇಕು. ಒಂದು ಕ್ಲೋರಿನ್ ಸರಿಯಾದ ಜಾಗದಲ್ಲಿ ಕೂತರೆ ಹತ್ತು ಪಟ್ಟು ಸುಧಾರಣೆ, ತಪ್ಪು ಜಾಗದಲ್ಲಿ ಕೂತರೆ ಎಲ್ಲವೂ ಸೊನ್ನೆ. ನಾಲ್ಕು ಜನ ಎರಡು ವರ್ಷ ದುಡಿದು ನಲವತ್ತು ಕಂಪೌಂಡ್‌ಗಳ ಒಂದು ಟೇಬಲ್ ತಂದಾಗ ಒಂದು ಪೇಪರ್ ಆಗುತ್ತದೆ. ಹಾಗಾಗಿ ವರ್ಷಕ್ಕೆ ಒಂದೂವರೆ ಪೇಪರ್ ಅಂದರೆ ಸೋಮಾರಿತನ ಅಂತ ಅಂದುಕೊಳ್ಳಬೇಡಿ. ಕಂಪ್ಯೂಟರ್‌ನಲ್ಲಿ ಡಾಕಿಂಗ್, ಅಂದರೆ ಅಣು ಪ್ರೋಟೀನಿನಲ್ಲಿ ಹೇಗೆ ಕೂರುತ್ತದೆ ಅನ್ನುವ ಅಂದಾಜು, ಮಾತ್ರ ಮಾಡುವವರ ಪಟ್ಟಿ ಉದ್ದವಿರುತ್ತದೆ. ಹೋಲಿಕೆ ಸಲ್ಲದು.

ಒಂದೇ ಸೀರೀಸ್ (ಒಂದೇ ಮೂಲ ರಚನೆಯ ಕಂಪೌಂಡ್‌ಗಳ ಗುಂಪು) ಮೇಲೆ ಐದು ಪೇಪರ್ ಕಂಡರೆ ಕೇಳಬೇಕಾದ ಪ್ರಶ್ನೆ: ಕಥೆ ಮುಂದೆ ಹೋಗಿದೆಯೇ, ಇಲ್ಲ ಒಂದೇ ಕಥೆಯನ್ನು ಐದು ಹೋಳು ಮಾಡಿದ್ದಾರೆಯೇ? ಇದನ್ನು ಪತ್ತೆ ಹಚ್ಚಲು ನಾನು ಟೇಬಲ್‌ಗಳನ್ನು ನೋಡುತ್ತೇನೆ. ಮೊದಲ ಪೇಪರ್‌ನಲ್ಲಿ ಐಸಿ50 (ಟಾರ್ಗೆಟ್‌ನ ಕೆಲಸವನ್ನು ಅರ್ಧಕ್ಕೆ ಇಳಿಸಲು ಬೇಕಾಗುವ ಪ್ರಮಾಣ, ಕಡಿಮೆಯಾದಷ್ಟೂ ಒಳ್ಳೆಯದು) ಎರಡು ಮೈಕ್ರೋಮೋಲಾರ್, ಎರಡನೆಯದರಲ್ಲಿ ನಲವತ್ತು ನ್ಯಾನೋಮೋಲಾರ್, ಮೂರನೆಯದರಲ್ಲಿ ಯಕೃತ್ತಿನ ಮೈಕ್ರೋಸೋಮ್‌ನಲ್ಲಿ ಎಷ್ಟು ಹೊತ್ತು ಉಳಿಯಿತು, ನಾಲ್ಕನೆಯದರಲ್ಲಿ ಇಲಿಯ ರಕ್ತದಲ್ಲಿ ಎಷ್ಟು ಸಿಕ್ಕಿತು. ಇದು ಮುಂದೆ ಹೋದ ಕಥೆ. ಅದೇ ಐದೂ ಪೇಪರ್‌ನಲ್ಲಿ ಅದೇ ಕೋಶ, ಅದೇ ಪರೀಕ್ಷೆ, ಅದೇ ಹತ್ತಿಪ್ಪತ್ತು ಮೈಕ್ರೋಮೋಲಾರ್, ಬದಲಾಗಿದ್ದು ಬರೀ ಒಂದು ರಿಂಗ್ ಅಂದರೆ ಹೋಳುಗಳು. ಎರಡೂ ಪಟ್ಟಿಯಲ್ಲಿ ಐದೇ ಸಾಲು. ಎಣಿಕೆಗೆ ವ್ಯತ್ಯಾಸ ಕಾಣುವುದೇ ಇಲ್ಲ.

ಹಳೆಯ ಲೆಟರ್‌ಗಳ ವಿಷಯದಲ್ಲಿ ಮಾತ್ರ ಸ್ವಲ್ಪ ದಯೆ ಇರಲಿ. ನಾಲ್ಕು ಪುಟದ ಚಿಕ್ಕ ಪೇಪರ್‌ಗಳಿಗೇ ಅಂತ ಜರ್ನಲ್‌ಗಳಿವೆ. ಒಂದು ಪ್ರಾಜೆಕ್ಟ್ ಮೂರು ಲೆಟರ್ ಆಗಿ ಬರುವುದು ಅಲ್ಲಿ ರೂಢಿ, ಮೋಸವಲ್ಲ.

ಹೆಸರು ಎಲ್ಲಿದೆ

ನಮ್ಮಲ್ಲಿ ಹೆಸರುಗಳು ಅಕ್ಷರಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲ ಹೆಸರು ಸಾಮಾನ್ಯವಾಗಿ ಬೆಂಚ್‌ನಲ್ಲಿ ದುಡಿದವರದು. ನಕ್ಷತ್ರ ಇರುವ ಹೆಸರು ಪ್ರಾಜೆಕ್ಟ್ ನಡೆಸಿದವರದು, ಹೆಚ್ಚಾಗಿ ಕೊನೆಗಿರುತ್ತದೆ. ನಡುವೆ ಕ್ರಿಸ್ಟಲ್ ತೆಗೆದವರು, ಕೋಶದ ಪರೀಕ್ಷೆ ಮಾಡಿದವರು. ಕಂಪನಿಯಿಂದ ಬಂದ ಪೇಪರ್‌ನಲ್ಲಿ ಇಪ್ಪತ್ತು ಮೂವತ್ತು ಹೆಸರು ಇರುವುದು ಮಾಮೂಲಿ. ಯಾರು ಏನು ಮಾಡಿದರು ಅನ್ನುವ ಸಣ್ಣ ಪ್ಯಾರಾ ಪೇಪರ್‌ನ ಕೊನೆಗೆ ಇದ್ದರೆ ತಪ್ಪದೆ ಓದಿ. ಅದಕ್ಕೆ ಕ್ರೆಡಿಟ್ ಅನ್ನುವ 14 ಪಾತ್ರಗಳ ಪಟ್ಟಿ ಬಂದಿದೆ. ಮೂವತ್ತು ಪೇಪರ್‌ನಲ್ಲಿ ನಡುವಿನ ಹೆಸರು, ಒಂದರಲ್ಲೂ ಮೊದಲನೆಯದಿಲ್ಲ ಅಂದರೆ ಅದು ಕೆಟ್ಟದ್ದೇನಲ್ಲ. ಒಳ್ಳೆಯ ಕ್ರಿಸ್ಟಲೋಗ್ರಾಫರ್ ಪಟ್ಟಿ ಹಾಗೇ ಇರುತ್ತದೆ. ಪ್ರಾಜೆಕ್ಟ್ ನಡೆಸುವವರು ಬೇಕು ಅಂತ ಜಾಹೀರಾತು ಕೊಟ್ಟಿದ್ದರೆ ಮಾತ್ರ ಅದು ಪ್ರಶ್ನೆ.

ಎಚ್-ಇಂಡೆಕ್ಸ್: ಒಮ್ಮೆ ಕೈಯಲ್ಲಿ ಲೆಕ್ಕ ಮಾಡಿ

2005ರಲ್ಲಿ ಹಾರ್ಹೆ ಹಿರ್ಶ್ ಅನ್ನುವ ಭೌತವಿಜ್ಞಾನಿ ಕೊಟ್ಟ ಲೆಕ್ಕ ಇದು. ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆಗೆ ಪೇಪರ್‌ಗಳನ್ನು ಇಳಿಸಿ ಜೋಡಿಸಿ. ಒಂದು, ಎರಡು, ಮೂರು ಅಂತ ಎಣಿಸುತ್ತಾ ಬನ್ನಿ. ಪೇಪರ್‌ನ ಸ್ಥಾನಕ್ಕಿಂತ ಅದರ ಸೈಟೇಶನ್ ಕಡಿಮೆಯಾದ ಕಡೆ ನಿಲ್ಲಿ. ಅದರ ಹಿಂದಿನ ಸ್ಥಾನವೇ ಎಚ್.

ಎಂಟು ಪೇಪರ್ ಇದೆ ಅಂದುಕೊಳ್ಳಿ. ಸೈಟೇಶನ್‌ಗಳು 120, 64, 33, 18, 9, 7, 6, 2. ಆರನೆಯದಕ್ಕೆ 7 ಇದೆ, ಸರಿ. ಏಳನೆಯದಕ್ಕೆ 6 ಮಾತ್ರ, ನಿಂತಿತು. ಎಚ್ ಅಂದರೆ 6. ಒಟ್ಟು ಸೈಟೇಶನ್ 259. ಸ್ಕಾಲರ್ ತೋರಿಸುವ ಐ10, ಅಂದರೆ ಹತ್ತು ಅಥವಾ ಹೆಚ್ಚು ಸೈಟೇಶನ್ ಇರುವ ಪೇಪರ್‌ಗಳ ಸಂಖ್ಯೆ, 4.

ಈಗ ಒಂದು ಆಟ. ಆ 120ರ ಪೇಪರ್ ರಿವ್ಯೂ ಅಂತ ಗೊತ್ತಾಯಿತು, ತೆಗೆದುಬಿಡಿ. ಒಟ್ಟು 139ಕ್ಕೆ ಕುಸಿಯಿತು. ಎಚ್? ಮತ್ತೆ ಎಣಿಸಿ. 64, 33, 18, 9, 7, 6. ಆರನೆಯದಕ್ಕೆ ಸರಿಯಾಗಿ 6. ಎಚ್ ಇನ್ನೂ 6! ಇನ್ನೊಂದು ಕಡೆಯಿಂದ ನೋಡಿ. ಆ 120 ಬೆಳೆದು 1200 ಆಗಿದ್ದರೂ ಎಚ್ 6ರಲ್ಲೇ ಇರುತ್ತಿತ್ತು. ಒಂದು ದೊಡ್ಡ ಕೆಲಸ ಮಾಡಿ ಸುಮ್ಮನಾದವರನ್ನು ಈ ಲೆಕ್ಕ ಗುರುತಿಸುವುದಿಲ್ಲ. ಸಾಧಾರಣ ಪೇಪರ್‌ಗಳನ್ನು ಬಿಡದೆ ಬರೆಯುತ್ತಾ ಹೋದವರನ್ನು ಗುರುತಿಸುತ್ತದೆ. ವಯಸ್ಸಾದಂತೆ ಏರುತ್ತದೆ, ಇಳಿಯುವುದೇ ಇಲ್ಲ. ಅದಕ್ಕೇ ಹಿರ್ಶ್ ಅದನ್ನು ಮೊದಲ ಪೇಪರ್‌ನಿಂದ ಈಚಿನ ವರ್ಷಗಳಿಂದ ಭಾಗಿಸುವ ಲೆಕ್ಕವನ್ನೂ ಹೇಳಿದ್ದರು. ಭಾಗಿಸುವಾಗ ಹೆರಿಗೆ, ಕಾಯಿಲೆ, ಕಂಪನಿ ಕೆಲಸದಲ್ಲಿ ಕಳೆದ ವರ್ಷಗಳನ್ನು ಬಿಟ್ಟು ಭಾಗಿಸಿ. ನಾನು ಟಿಪ್ಪಣಿಯಲ್ಲಿ ಎಚ್ ಬರೆಯುತ್ತೇನೆ, ರಿವ್ಯೂ ಸಮೇತ, ರಿವ್ಯೂ ಬಿಟ್ಟು. ಎರಡನೇ ಪುಟದ ಕೆಳಗೆ.

ಇಪ್ಪತ್ತು ಸೈಟೇಶನ್ ಬಿಡಿಸಿ ಓದಿ

ನನ್ನ ಒಂದೂವರೆ ದಿನದಲ್ಲಿ ಅರ್ಧ ದಿನ ಹೋಗುವುದು ಇಲ್ಲೇ. ಇದನ್ನು ಮಾಡುವವರು ಕಡಿಮೆ, ಯಾಕೆಂದರೆ ಬೇಜಾರು ಹಿಡಿಸುತ್ತದೆ.

ಅವರ ಅತಿ ಮುಖ್ಯವಾದ ಮೂರು ಪೇಪರ್ ಆರಿಸಿಕೊಳ್ಳಿ, ರಿವ್ಯೂ ಬಿಟ್ಟು. ಒಂದೊಂದಕ್ಕೂ ಸೈಟೇಶನ್ ಕೊಟ್ಟ ಇಪ್ಪತ್ತು ಪೇಪರ್ ತೆರೆಯಿರಿ. ಹತ್ತು ಹೊಸವು, ಹತ್ತು ಎಲ್ಲಿಂದಲೋ ಕಣ್ಣು ಮುಚ್ಚಿ ಆರಿಸಿದವು. ಪ್ರತಿಯೊಂದರಲ್ಲೂ ಅವರ ಪೇಪರ್‌ನ ಉಲ್ಲೇಖ ಸಂಖ್ಯೆ ಬಂದಿರುವ ವಾಕ್ಯವನ್ನು ಹುಡುಕಿ ಓದಿ. ಏನು ಕೆಲಸಕ್ಕೆ ಹೆಸರು ಹೇಳಿದ್ದಾರೆ? ಕಂಪೌಂಡನ್ನೇ ತರಿಸಿ ಅಥವಾ ಮಾಡಿಕೊಂಡು ಬಳಸಿದರೇ? ಸಿಂಥೆಸಿಸ್ ದಾರಿಯನ್ನು ತೆಗೆದುಕೊಂಡರೇ? ತಮ್ಮ ಕಂಪೌಂಡನ್ನು ಇದರ ಪಕ್ಕ ಇಟ್ಟು ಅಳೆದರೇ? ಇಲ್ಲ ಪೀಠಿಕೆಯಲ್ಲಿ "ಈ ಟಾರ್ಗೆಟ್ ಮುಖ್ಯವಾದದ್ದು" ಅಂತ ಹೇಳಿ ಐದರಿಂದ ಹದಿನೆಂಟರವರೆಗೆ ಸಾಲಾಗಿ ಸಂಖ್ಯೆ ಪೋಣಿಸಿದರೇ? ಅಥವಾ ಇದು ತಪ್ಪು ಅಂತ ಹೇಳಲು ಹೆಸರು ತಂದರೇ? ಒಂದೊಂದಕ್ಕೂ ಒಂದು ಗುರುತು ಹಾಕಿ.

ನನ್ನದೇ ಪೇಪರ್ ಮೇಲೆ ಒಮ್ಮೆ ಇದನ್ನು ಮಾಡಿ ನೋಡಿದೆ. ನನ್ನ ಹೆಸರಿನಲ್ಲಿ ಅತಿ ಹೆಚ್ಚು ಸೈಟೇಶನ್ ಇರುವುದು ರೋಡನೀನ್ ಅನ್ನುವ ರಿಂಗ್ ಇರುವ ಒಂದು ಸೀರೀಸ್‌ಗೆ. ಮಾಡಲು ಸುಲಭ, ಬಣ್ಣ ಚಂದ, ಯಾವ ಕಿಣ್ವಕ್ಕೆ ಹಾಕಿದರೂ ಕೆಲಸ ಮಾಡುತ್ತಿತ್ತು. ನಾವು ಕುಣಿದಾಡಿದೆವು. ಯಾವುದಕ್ಕೆ ಹಾಕಿದರೂ ಕೆಲಸ ಮಾಡುತ್ತದೆ ಅನ್ನುವುದೇ ಅದರ ರೋಗ ಅಂತ ಆಗ ನಮಗೆ ಹೊಳೆಯಲಿಲ್ಲ. 2010ರಲ್ಲಿ ಬೇಲ್ ಮತ್ತು ಹಾಲೊವೇ ಅವರು ಜರ್ನಲ್ ಆಫ್ ಮೆಡಿಸಿನಲ್ ಕೆಮಿಸ್ಟ್ರಿಯಲ್ಲಿ ಪೇನ್ಸ್ ಪಟ್ಟಿ ಕೊಟ್ಟರು. ಪರೀಕ್ಷೆಗಳನ್ನೇ ಕೆಡಿಸಿ ಸುಳ್ಳು ಫಲಿತಾಂಶ ಕೊಡುವ ರಚನೆಗಳ ಪಟ್ಟಿ ಅದು. ರೋಡನೀನ್ ಅಲ್ಲಿ ಕೂತಿತ್ತು. ಆದರೆ ನಮ್ಮ ಪೇಪರ್‌ಗೆ ಸೈಟೇಶನ್ ಬರುವುದು ಅದಾದ ಮೇಲೂ ನಿಲ್ಲಲಿಲ್ಲ. ಇಪ್ಪತ್ತನ್ನು ಬಿಡಿಸಿದಾಗ ಸಿಕ್ಕಿದ್ದು: ಹನ್ನೊಂದು ಪೀಠಿಕೆಯ ಸಾಲು, ಆರು ಬೇರೆ ಲ್ಯಾಬ್‌ಗಳು ಇನ್ನಷ್ಟು ರೋಡನೀನ್ ಮಾಡಿದ್ದು, ಎರಡು "ಇಂಥವನ್ನು ನಂಬಬೇಡಿ" ಅಂತ ಎಚ್ಚರಿಸಿದ್ದು, ಒಂದು ನಮ್ಮ ಪರೀಕ್ಷಾ ವಿಧಾನ ತೆಗೆದುಕೊಂಡಿದ್ದು. ನಮ್ಮ ಕಂಪೌಂಡನ್ನು ನಂಬಿ ಯಾರೂ ಮುಂದೆ ಹೋಗಿರಲಿಲ್ಲ. ನನ್ನ ಅತ್ಯುತ್ತಮ ಕೆಲಸ ಬೇರೆ ಒಂದು ಪೇಪರ್‌ನಲ್ಲಿದೆ. ಅದಕ್ಕೆ ಇರುವ ಸೈಟೇಶನ್ 23.

ಅರಿಶಿನದಲ್ಲಿರುವ ಕರ್ಕ್ಯುಮಿನ್‌ನದ್ದೂ ಇದೇ ಕಥೆ, ದೊಡ್ಡ ಪ್ರಮಾಣದಲ್ಲಿ. ಅದರ ಮೇಲೆ ಸಾವಿರಾರು ಪೇಪರ್ ಬಂದ ಮೇಲೆ, ಅದು ಅಸ್ಥಿರ, ಬೇರೆ ಅಣುಗಳ ಜೊತೆ ಬೇಗ ಪ್ರತಿಕ್ರಿಯಿಸುತ್ತದೆ, ರಕ್ತಕ್ಕೆ ಸೇರುವುದೇ ಕಷ್ಟ, ಔಷಧಿಗೆ ಒಳ್ಳೆಯ ಆರಂಭವಲ್ಲ ಅಂತ 2017ರಲ್ಲಿ ಅದೇ ಜರ್ನಲ್‌ನಲ್ಲಿ ವಿವರವಾಗಿ ಬಂತು. ಹಾಗಾಗಿ ಒಂದೇ ಅಣು ಎಲ್ಲ ಕಾಯಿಲೆಗೂ ಕೆಲಸ ಮಾಡುತ್ತದೆ ಅನ್ನುವ ಪೇಪರ್‌ಗಳು ಪಟ್ಟಿಯಲ್ಲಿ ಸಾಲಾಗಿ ಕಂಡರೆ, ಸೈಟೇಶನ್ ಎಷ್ಟೇ ಇರಲಿ, ನಾನು ಪೆನ್ ಕೆಳಗಿಟ್ಟು ರಚನೆ ನೋಡುತ್ತೇನೆ.

ವಿಧಾನದ ಪೇಪರ್‌ಗಳದ್ದು ಇನ್ನೊಂದು ಲೋಕ. ಪ್ರೋಟೀನ್ ಅಳೆಯುವ ಲೌರಿಯವರ 1951ರ ಪೇಪರ್‌ಗೆ ಮೂರು ಲಕ್ಷಕ್ಕೂ ಹೆಚ್ಚು ಸೈಟೇಶನ್ ಇದೆ. ಐಸಿ50ಯಿಂದ ಕೆಐ (ಅಣು ಕಿಣ್ವಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತದೆ ಅನ್ನುವ ಅಳತೆ) ಲೆಕ್ಕ ಹಾಕುವ ಚೆಂಗ್ ಮತ್ತು ಪ್ರೂಸಾಫ್ ಅವರ 1973ರ ಪೇಪರ್, ಜೀವಂತ ಕೋಶ ಎಣಿಸುವ ಎಂಟಿಟಿ ಪರೀಕ್ಷೆಯ 1983ರ ಪೇಪರ್, ಇವನ್ನು ನಾವೆಲ್ಲ ಕೈ ಅಭ್ಯಾಸದಂತೆ ಪಟ್ಟಿಗೆ ಹಾಕುತ್ತೇವೆ. ಇವು ನಿಜವಾಗಿ ಬಳಕೆಯಾದವು. ಆದರೆ ಇಂಥದ್ದೊಂದು ಪಟ್ಟಿಯಲ್ಲಿದ್ದರೆ ಅದನ್ನು ಬೇರೆಯಾಗಿ ಹೇಳಿ. ಉಳಿದ ಪೇಪರ್‌ಗಳ ಸರಾಸರಿಗೆ ಬೆರೆಸಬೇಡಿ.

ಜರ್ನಲ್ ಹೆಸರಿಗೆ ಮರುಳಾಗಬೇಡಿ

ಬೆರೆಸಿದರೆ ಏನಾಗುತ್ತದೆ ಅನ್ನುವುದಕ್ಕೆ ಕ್ರಿಸ್ಟಲ್ ರಚನೆ ಬಿಡಿಸುವ ಶೆಲ್‌ಎಕ್ಸ್ ಸಾಫ್ಟ್‌ವೇರ್ ಬಗ್ಗೆ ಜಾರ್ಜ್ ಶೆಲ್‌ಡ್ರಿಕ್ 2008ರಲ್ಲಿ ಬರೆದ ಪೇಪರ್ ಸಾಕ್ಷಿ. ಅದನ್ನು ಬಳಸಿದವರೆಲ್ಲ ಆ ಒಂದು ಪೇಪರ್‌ಗೆ ಸೈಟೇಶನ್ ಕೊಟ್ಟರು. ಅದು ಬಂದ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಸುಮಾರು 2 ಇದ್ದದ್ದು 2009ಕ್ಕೆ 49.9ಕ್ಕೆ ಹಾರಿತು. ಆ ವರ್ಷ ಅದೇ ಜರ್ನಲ್‌ನಲ್ಲಿ ಬಂದ ಬೇರೆ ಪೇಪರ್‌ಗಳು ಇದ್ದಲ್ಲೇ ಇದ್ದವು.

ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಹಿಂದಿನ ಎರಡು ವರ್ಷಗಳ ಪೇಪರ್‌ಗಳಿಗೆ ಈ ವರ್ಷ ಬಿದ್ದ ಸೈಟೇಶನ್ನಿನ ಸರಾಸರಿ. ಜರ್ನಲ್‌ನ ಸರಾಸರಿ, ಮನುಷ್ಯರದ್ದಲ್ಲ. ಅದರಿಂದ ವ್ಯಕ್ತಿಯನ್ನು ಅಳೆಯಬಾರದು ಅಂತ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದವರು ಡೋರಾ ಘೋಷಣೆಯನ್ನೇ ಬರೆದರು. ಹಾಗಾಗಿ ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಆ ಕಾಲಂ ಇಲ್ಲ. ಕೇಳಿದವರಿಗೆ ಇಲ್ಲ ಅಂತಲೇ ಹೇಳುತ್ತೇನೆ.

ಬೇರೆ ಬೇರೆ ಕ್ಷೇತ್ರದವರನ್ನು ಹೋಲಿಸಲೇಬೇಕಾದರೆ ಸ್ಕೋಪಸ್‌ನ ಎಫ್‌ಡಬ್ಲ್ಯುಸಿಐ ನೋಡಿ. 1 ಅಂದರೆ ಅದೇ ವಿಷಯದ, ಅದೇ ವರ್ಷದ, ಅದೇ ಬಗೆಯ ಪೇಪರ್‌ಗಳ ಜಾಗತಿಕ ಸರಾಸರಿ. ಜೀವಶಾಸ್ತ್ರಕ್ಕೆ ಹತ್ತಿರದ ಪೇಪರ್‌ಗಳಿಗೆ ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಐಸೈಟ್ ತಾಣದಲ್ಲಿ ಆರ್‌ಸಿಆರ್ ಅನ್ನುವ ಇಂಥದ್ದೇ ಅಳತೆ ಉಚಿತವಾಗಿ ಸಿಗುತ್ತದೆ. ಹೋದ ವರ್ಷದ ಪೇಪರ್‌ಗೆ ಮಾತ್ರ ಇವೆರಡನ್ನೂ ನಂಬಬೇಡಿ. ನಾಲ್ಕು ಸೈಟೇಶನ್ ಆಚೀಚೆ ಆದರೆ ಅಂಕಿ ಕುಣಿಯುತ್ತದೆ.

ಪಟ್ಟಿಯಲ್ಲಿ ಇಲ್ಲದ್ದು

ಕಂಪನಿಯಲ್ಲಿ ದುಡಿದ ಕೆಮಿಸ್ಟ್‌ಗಳ ಪಟ್ಟಿ ಚಿಕ್ಕದಿರುತ್ತದೆ. ಅಲ್ಲಿ ಮೊದಲು ಪೇಟೆಂಟ್. ಅರ್ಜಿ ಹಾಕಿ 18 ತಿಂಗಳಾದ ಮೇಲೆ ಅದು ಹೊರಗೆ ಬರುತ್ತದೆ. ಪೇಪರ್ ಬರುವುದು ಅದಕ್ಕೂ ಎಷ್ಟೋ ಆಮೇಲೆ, ಬಂದರೆ. ಎಸ್ಪಾಸ್‌ನೆಟ್ ಅಥವಾ ಲೆನ್ಸ್ ಅನ್ನುವ ಪೇಟೆಂಟ್ ಹುಡುಕುವ ತಾಣಗಳಲ್ಲಿ ಆವಿಷ್ಕಾರಕರ ಹೆಸರು ಹಾಕಿ ಹುಡುಕಿ. ಒಂದೇ ಆವಿಷ್ಕಾರ ಹತ್ತು ದೇಶದಲ್ಲಿ ಹತ್ತು ಸಂಖ್ಯೆ ಪಡೆದಿರುತ್ತದೆ. ಅದನ್ನು ಒಂದೇ ಕುಟುಂಬ ಅಂತ ಎಣಿಸಿ, ಹತ್ತಲ್ಲ.

ಔಷಧಿ ಕಂಪನಿಯಲ್ಲಿ ದುಡಿದ ಗರ್ಟ್ರೂಡ್ ಎಲಿಯನ್ ಪಿಎಚ್‌ಡಿ ಮುಗಿಸಿರಲಿಲ್ಲ. ಅವರ ಹೆಸರಿನಲ್ಲಿ 45 ಪೇಟೆಂಟ್ ಇದ್ದವು, 1988ರಲ್ಲಿ ನೊಬೆಲ್ ಬಂತು. ತು ಯೂಯೂ ಅವರದು ಇನ್ನೂ ವಿಚಿತ್ರ. ಅವರು ಹುಡುಕಿದ ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ರಚನೆಯ ಪೇಪರ್ 1977ರಲ್ಲಿ ಬಂದಾಗ ಅದರ ಮೇಲೆ ಇದ್ದದ್ದು ತಂಡದ ಹೆಸರು ಮಾತ್ರ, ವ್ಯಕ್ತಿಗಳದ್ದಲ್ಲ. ಆಗ ಎಚ್-ಇಂಡೆಕ್ಸ್ ಇದ್ದಿದ್ದರೂ ಆ ಪೇಪರ್ ಅವರ ಲೆಕ್ಕಕ್ಕೆ ಬೀಳುತ್ತಿರಲಿಲ್ಲ. ನೊಬೆಲ್ ಬಂದಿದ್ದು 2015ರಲ್ಲಿ.

ಕಂಪೌಂಡ್‌ನ ಜಾಡು ಹಿಡಿಯುವುದೂ ಒಳ್ಳೆಯದು. ಪೇಪರ್‌ಗಳ ಕಂಪೌಂಡ್‌ಗಳನ್ನು, ಅವುಗಳ ಅಳತೆಗಳನ್ನು ಕೆಂಬಲ್ ಡೇಟಾಬೇಸ್ ತೆಗೆದಿಡುತ್ತದೆ. ಪ್ರೋಟೀನ್ ಜೊತೆ ಕೂತ ರಚನೆ ಪಿಡಿಬಿ ಅನ್ನುವ ಪ್ರೋಟೀನ್ ರಚನೆಗಳ ಡೇಟಾಬೇಸ್‌ನಲ್ಲಿರುತ್ತದೆ. ಹುಡುಕುವಾಗ ಔಷಧಿಯ ಈಗಿನ ಹೆಸರು ಮಾತ್ರ ಹಾಕಿದರೆ ಹಳೆಯದ್ದು ತಪ್ಪಿಹೋಗುತ್ತದೆ. ಕ್ಯಾನ್ಸರ್ ಔಷಧಿ ಇಮಾಟಿನಿಬ್ ಮೊದಲ ಪೇಪರ್‌ಗಳಲ್ಲಿ ಸಿಜಿಪಿ 57148, ಆಮೇಲೆ ಎಸ್‌ಟಿಐ571. ಕೋಡ್ ಸಂಖ್ಯೆಗಳನ್ನೆಲ್ಲ ಹಾಕಿ ಹುಡುಕಿ.

ಮೂಗಿಗೆ ಏನಾದರೂ ಬಡಿದರೆ

ಸ್ವಂತ ಸೈಟೇಶನ್ ಕಂಡ ತಕ್ಷಣ ಹುಬ್ಬೇರಿಸಬೇಡಿ. ಸೀರೀಸ್‌ನ ಮೂರನೇ ಪೇಪರ್ ಮೊದಲೆರಡನ್ನು ಹೇಳದೆ ಬರೆಯುವುದು ಹೇಗೆ? ಸ್ಕೋಪಸ್‌ನಲ್ಲಿ ಸ್ವಂತದ್ದನ್ನು ತೆಗೆದು ನೋಡುವ ಸೌಲಭ್ಯ ಇದೆ, ತೆಗೆದು ನೋಡಿ. ಸ್ವಲ್ಪ ಇಳಿದರೆ ಸಹಜ. ಅರ್ಧಕ್ಕರ್ಧ ಇಳಿದರೆ ಯಾಕೆ ಅಂತ ಓದಿ. ಹಿಂತೆಗೆದ ಪೇಪರ್ ಇದೆಯೇ ಅಂತ ರಿಟ್ರಾಕ್ಷನ್ ವಾಚ್ ಡೇಟಾಬೇಸ್‌ನಲ್ಲಿ ನೋಡಿ. 2023ರಲ್ಲಿ ಡಿಒಐ ಕೊಡುವ ಸಂಸ್ಥೆ ಕ್ರಾಸ್‌ರೆಫ್ ಅದನ್ನು ಕೊಂಡು ಎಲ್ಲರಿಗೂ ತೆರೆದಿಟ್ಟಿದೆ. ಸಿಕ್ಕರೆ ಕಾರಣ ಓದಿ. ತಮ್ಮ ತಪ್ಪನ್ನು ತಾವೇ ಕಂಡು ಹಿಂತೆಗೆದವರು ಇರುತ್ತಾರೆ. ಅವರ ಬಗ್ಗೆ ನನಗೆ ಗೌರವ ಜಾಸ್ತಿ.

ಟಿಪ್ಪಣಿ ಬರೆಯುವುದು

ಎರಡು ಪುಟ ಸಾಕು. ಮೊದಲ ಪುಟದಲ್ಲಿ ಅಂಕಿ ಕಡಿಮೆ, ಮಾತು ಜಾಸ್ತಿ ಇರಲಿ. ನಾನು ಬರೆಯುವ ಧಾಟಿ ಹೀಗೆ:

"12 ವರ್ಷದಲ್ಲಿ 19 ಸಂಶೋಧನಾ ಪೇಪರ್, 3 ರಿವ್ಯೂ, 2 ಪೇಟೆಂಟ್ ಕುಟುಂಬ. 8 ಪೇಪರ್‌ನಲ್ಲಿ ಪ್ರಾಜೆಕ್ಟ್ ನಡೆಸಿದವರು ಇವರೇ. ಮುಖ್ಯ ಕೆಲಸ ಒಂದು ಪ್ರೋಟಿಯೇಸ್ ಇನ್ಹಿಬಿಟರ್ ಸೀರೀಸ್, ನಾಲ್ಕು ಪೇಪರ್‌ನಲ್ಲಿ ಹಿಟ್‌ನಿಂದ ಇಲಿಯವರೆಗೆ ಬಂದಿದೆ. ಇದರ ಎರಡನೇ ಪೇಪರ್‌ನ ಸೈಟೇಶನ್‌ಗಳಲ್ಲಿ ಇಪ್ಪತ್ತನ್ನು ಓದಿದೆ. ಏಳು ಬೇರೆ ಲ್ಯಾಬ್‌ಗಳು ಕಂಪೌಂಡ್ 14 ಅನ್ನು ಹೋಲಿಕೆಗೆ ಇಟ್ಟುಕೊಂಡಿವೆ. ಅತಿ ಹೆಚ್ಚು ಸೈಟೇಶನ್ ಇರುವುದು ರಿವ್ಯೂಗೆ."

ಕಂಪೌಂಡ್ 14 ಅಂತ ಬರೆದ ಕೂಡಲೇ ಸಮಿತಿಯಲ್ಲಿರುವ ಕೆಮಿಸ್ಟ್ ಕನ್ನಡಕ ಸರಿಮಾಡಿಕೊಂಡು ಪೇಪರ್ ತೆರೆಯುತ್ತಾರೆ. ಆಮೇಲೆ ಮಾತು ಅಣುವಿನ ಬಗ್ಗೆ ನಡೆಯುತ್ತದೆ. ನನಗೆ ಬೇಕಾಗಿರುವುದು ಅದೇ.

ಸಮಿತಿಗೆ ಕಳಿಸುವ ಮೊದಲು ಸ್ಪ್ರೆಡ್‌ಶೀಟನ್ನು ಆ ಸಂಶೋಧಕರಿಗೇ ಕಳಿಸಿ. ಟಿಪ್ಪಣಿಯನ್ನಲ್ಲ, ಪಟ್ಟಿಯನ್ನು ಮಾತ್ರ. ನಿಮ್ಮದಲ್ಲದ್ದು ಇದೆಯೇ, ನಿಮ್ಮದು ಬಿಟ್ಟುಹೋಗಿದೆಯೇ ಅಂತ ಎರಡೇ ಪ್ರಶ್ನೆ, ಎರಡು ದಿನ ಗಡುವು. ಆ 31ರ ಅವಾಂತರದ ಮರುದಿನದಿಂದ ಒಮ್ಮೆಯೂ ಇದನ್ನು ಬಿಟ್ಟಿಲ್ಲ. ಮೊನ್ನೆ ಒಬ್ಬರು ಉತ್ತರ ಕಳಿಸಿದ್ದರು. "ಎಲ್ಲ ಸರಿ ಇದೆ. 14ನೇ ಸಾಲು ಮಾತ್ರ ನನ್ನದಲ್ಲ, ನನ್ನ ಹೆಸರಿನವರೇ ಇನ್ನೊಬ್ಬರಿದ್ದಾರೆ. ನನ್ನ ಪೇಪರ್‌ಗಳಲ್ಲೆಲ್ಲ ಅದಕ್ಕೇ ಸೈಟೇಶನ್ ಜಾಸ್ತಿ, ತೆಗೆಯಲು ಬೇಜಾರು. ಆದರೂ ತೆಗೆದುಬಿಡಿ."

ತೆಗೆದೆ.